ಪುಂಡಿಪಲ್ಯಕ್ಕೆ ಹೆಸರಿಲ್ಲದ ಭಾಷೆ

ನಮ್ಮ ಕಾಕಿಯ, ಅಂದರೆ ಚಿಕ್ಕಮ್ಮನ, ಕುಬಸದ ದಿನ ನಾನು ಪಡಸಾಲೆಯಲ್ಲೇ ಇದ್ದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಈಗ ಆ ನಂಬಿಕೆ ಅಲುಗಾಡುತ್ತದೆ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಹೆಂಗಸರ ಕಾರ್ಯ ಅದು. ಗಂಡುಮಕ್ಕಳು ಎಷ್ಟೇ ಸಣ್ಣವರಿದ್ದರೂ ಅವರನ್ನು ಹೊರಗೆ ಅಟ್ಟುತ್ತಿದ್ದರು. ಅಂದಮೇಲೆ ನಾನು ಅಲ್ಲಿ ಕೂತು ನೋಡಿದ್ದು ಹೇಗೆ? ಹೋದ ಬೇಸಿಗೆಯಲ್ಲಿ ಮುದ್ದೇಬಿಹಾಳದ ಅಕ್ಕನ ಮನೆಗೆ ಹೋದಾಗ ಈ ಪ್ರಶ್ನೆಯನ್ನು ಅವಳ ಮುಂದಿಟ್ಟೆ.

"ನೀ ಅಲ್ಲೆಲ್ಲಿದ್ದಿಯೋ! ಮಾಳಿಗಿ ಮ್ಯಾಲೆ ಇದ್ದಿ. ಬೆಳಕಿಂಡಿಗೆ ಮಾರಿ ಹಚ್ಚಿ ನೋಡಾಕತ್ತಿದ್ದಿ. ಮಣ್ಣ ಉದುರಿ ಸಣ್ಣಾಯಿ ತಾಟಿನಾಗ ಬಿತ್ತು. ಬೈಗಳ ತಿಂದದ್ದೂ ನೆನಪಿಲ್ಲೇನು?"

ಅಜ್ಜಿಯ ತಂಗಿ ಸಣ್ಣಾಯಿಯ ಬೈಗಳ ನನಗೆ ನೆನಪಿಲ್ಲ. ಆದರೆ ಅಕ್ಕ ಹಾಗೆಂದ ಮೇಲೆ ಒಂದು ಸಂಗತಿ ತಟ್ಟನೆ ಹೊಳೆಯಿತು. ಆ ದಿನದ ನನ್ನ ನೆನಪಿನಲ್ಲಿ ಯಾರ ಮುಖವೂ ಇಲ್ಲ. ಎಣ್ಣೆ ಹಚ್ಚಿದ ತಲೆಗಳು, ಬೈತಲೆಗಳು, ಮುಡಿದ ಹೂವು, ತಾಟಿನೊಳಗಿನ ಅನ್ನದ ಬಿಳುಪು, ಇಷ್ಟೇ ಇವೆ. ಮೇಲಿನಿಂದ ನೋಡಿದವನ ನೆನಪು ಅದು. ಅಕ್ಕ ಹೇಳಿದ್ದು ನಿಜವಿರಬೇಕು. ಇಲ್ಲವೆ ಅವಳು ಹೇಳಿದ ಮೇಲೆ ನಾನು ಮುಖಗಳನ್ನು ಅಳಿಸಿಕೊಂಡಿರಬೇಕು. ವಿಶ್ವವಿದ್ಯಾಲಯದಲ್ಲಿ ಓದಿ ಬಂದದ್ದಕ್ಕೆ ನನಗಾದ ಲಾಭ ಇದೊಂದೇ: ನನ್ನ ತಲೆಯೊಳಗಿನ ಸಾಕ್ಷಿಯನ್ನೂ ಕಟಕಟೆಗೆ ಹತ್ತಿಸದೆ ಬಿಡಲಾರೆ. ಬರೆಯಲು ಕೂತರೆ ಹತ್ತು ಸಾಲಿಗೊಮ್ಮೆ ಎದ್ದು ಅಡ್ಡಾಡುತ್ತೇನೆ.

ನಮ್ಮ ಮನೆ ಬಾಗೇವಾಡಿಯ ಹಳೇ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆ, ಉದ್ದನೆಯ ಪಡಸಾಲೆ, ಅದರಾಚೆ ಹಗಲಲ್ಲೂ ಕತ್ತಲಿರುತ್ತಿದ್ದ ಅಡುಗೆಮನೆ. ಮುಂಜಾನೆ ನನ್ನನ್ನು ಎಬ್ಬಿಸುತ್ತಿದ್ದದ್ದು ಅವ್ವ ರೊಟ್ಟಿ ಬಡಿಯುವ ಸಪ್ಪಳ. ಆ ಸಪ್ಪಳ ಶುರುವಾಯಿತೆಂದರೆ ಮನೆ ನಡೆಯತೊಡಗಿತು ಎಂದರ್ಥ. ಮನೆಯ ಯಜಮಾನಿಕೆ ಮಾತ್ರ ಆಯಿಯದು, ಅಂದರೆ ಅಪ್ಪನ ತಾಯಿಯದು. ಇಂಡಿ ಕಡೆಯ ಲಿಂಬೆ ತೋಟದವರ ಮಗಳು. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತರೆ ಅಡುಗೆಮನೆ, ಅಂಗಳ, ಹಿತ್ತಲ ಬಾಗಿಲು ಮೂರೂ ಆಕೆಯ ಕಣ್ಣಿಗೆ ಬೀಳುತ್ತಿದ್ದವು. ಹೆಂಗಸರ ಜಗಳದ ವಾಸನೆ ಬಂದೊಡನೆ ಅಪ್ಪ ಮಸೂತಿ ಊರಿನ ದಾರಿಯ ಹೊಲಕ್ಕೆ ಹೊರಟುಬಿಡುತ್ತಿದ್ದ. ಅಪ್ಪನ ತಮ್ಮ ಶರಣಪ್ಪ ಕಾಕಾ ಮಾತಿನವನಲ್ಲ; ಸಿಟ್ಟು ಬಂದರೆ ಸೈಕಲ್ ಒರೆಸುತ್ತ ಕೂಡುತ್ತಿದ್ದ. ಆ ಸೈಕಲ್ ಯಾವಾಗಲೂ ಹೊಳೆಯುತ್ತಿತ್ತು.

ಈ ಕಾಕಾನನ್ನು ಮದುವೆಯಾಗಿ ಬಂದವಳು ನಮ್ಮ ಕಾಕಿ. ತವರು ಮನಗೂಳಿ. ಆದರೆ ಬೆಳೆದದ್ದು ಪುಣೆಯಲ್ಲಿ. ಆಕೆಯ ಅಪ್ಪ ಅಲ್ಲೊಂದು ಬಂಗಲೆಯಲ್ಲಿ ಮಾಲಿಯಾಗಿದ್ದನಂತೆ. ಯಾವುದೋ ಯಂತ್ರದ ಕಾರಖಾನೆಗೆ ಪರದೇಶದಿಂದ ಬಂದ ಇಂಜಿನಿಯರನ ಬಂಗಲೆ. ಆ ಇಂಜಿನಿಯರನ ಹೆಂಡತಿ ಸಂತೆಗೆ ಹೋಗುವಾಗ ಬುಟ್ಟಿ ಹಿಡಿಯಲು ಮಾಲಿಯ ಮಗಳನ್ನು ಕರೆದೊಯ್ಯುತ್ತಿದ್ದಳು. ಒಂದೊಂದು ಕಾಯಿಪಲ್ಯ ಬುಟ್ಟಿಗೆ ಬೀಳುವ ಮೊದಲು ಅದನ್ನು ಎತ್ತಿ ಹಿಡಿದು ತನ್ನ ಭಾಷೆಯ ಹೆಸರು ಹೇಳುವಳು. ಹುಡುಗಿ ಮರಾಠಿ ಹೆಸರು ಹೇಳಬೇಕು. ಆಮೇಲೆ ಅವಳದನ್ನು ಇವಳು ಹೇಳಬೇಕು, ಇವಳದನ್ನು ಅವಳು. ಎರಡೂ ಹೆಸರು ಸರಿಯಾದರಷ್ಟೇ ಕಾಯಿ ಬುಟ್ಟಿಗೆ. ಹೀಗೆ ಕಾಕಿಗೆ ಫ್ರೆಂಚ್ ಬಂತು. ಬಂತು ಎಂದರೆ, ಹಣ್ಣು ಮತ್ತು ಕಾಯಿಪಲ್ಯದಷ್ಟೇ ಬಂತು. ಬಾ, ಹೋಗು, ನೀರು, ನಿದ್ದೆ, ಅವ್ವ, ಅಪ್ಪ ಯಾವುದಕ್ಕೂ ಆಕೆಗೆ ಆ ಭಾಷೆಯ ಶಬ್ದ ಗೊತ್ತಿರಲಿಲ್ಲ. ಬುಟ್ಟಿಯಲ್ಲಿ ಹಿಡಿಸುವಷ್ಟೇ ಭಾಷೆ.

ಆ ಕತ್ತಲ ಅಡುಗೆಮನೆಯಲ್ಲಿ ಕಾಕಿ ಅದನ್ನು ನಮಗೆ ಹಂಚಿದಳು. ಉಳ್ಳಾಗಡ್ಡಿ ಒನ್ಯೋಂ, ಬದನೆಕಾಯಿ ಒಬೆರ್ಜೀನ್, ಲಿಂಬೆ ಸಿತ್ರೋಂ, ದಾಳಿಂಬೆ ಗ್ರೆನಾದ್. ಸವತೆಕಾಯಿಗೆ ಕೋಂಕೋಂಬ್ರ್ ಎನ್ನುವಾಗ ಅಕ್ಕನ ಮೂಗು ಹಿಗ್ಗುತ್ತಿತ್ತು. ಹೊಲದಿಂದ ಗೊಂಜಾಳದ, ಅಂದರೆ ಮೆಕ್ಕೆಜೋಳದ, ತೆನೆ ಬಂದರೆ ಕಾಕಿ ಅದನ್ನು ಕೆಂಡದ ಮೇಲೆ ಹೊರಳಿಸುತ್ತ, "ಬ್ಲೆ ದ್ಯಾಂದ್. ಹಂಗಂದ್ರ ಹಿಂದೂಸ್ತಾನದ ಗೋದಿ ಅಂತ. ಮದಾಮ್ ಹೇಳ್ತಿದ್ದರು" ಎನ್ನುತ್ತಿದ್ದಳು. ನಾವು ಅಂಗಳದಲ್ಲಿ ಆಡುವಾಗಲೂ ಆ ಹೆಸರುಗಳನ್ನು ಕೂಗುತ್ತಿದ್ದೆವು. ಓಣಿಯ ಬೇರೆ ಮಕ್ಕಳಿಗೆ ತಿಳಿಯದ್ದು ನಮಗೆ ತಿಳಿದಿದೆ ಎಂಬ ಸೊಕ್ಕು. ನಾನು ಶಬ್ದಗಳ ಬೆನ್ನು ಹತ್ತಿದ್ದು ಅಲ್ಲಿಂದ ಎಂದು ಹೇಳಿಕೊಳ್ಳಲು ಇಷ್ಟ. ನಿಜವೋ ಸುಳ್ಳೋ.

ಆಯಿಗೆ ಇದು ಸರಿಬರುತ್ತಿರಲಿಲ್ಲ.

"ಏನ ಒದರಾಕತ್ತೀರಿ ಬೆಳಗಿನಿಂದ? ಉಣ್ಣೋ ಪದಾರ್ಥಕ್ಕ ಅಡ್ಡಹೆಸರ ಇಟ್ಟ ಕರದ್ರ ರುಚಿ ಹೋಗತೈತಿ."

"ಅಡ್ಡಹೆಸರ ಅಲ್ರಿ ಅತ್ತಿ. ಅವರ ಊರಾಗ ಅದ ಹೆಸರು."

"ಅವರ ಊರಾಗ ಇರಲಿ ಬಿಡು. ನನ್ನ ಪಡಸಾಲ್ಯಾಗ ಯಾಕ ಬೇಕು?"

ಇಷ್ಟೇ ಆಗಿದ್ದರೆ ಅತ್ತೆ ಸೊಸೆಯರ ದಿನದ ಮಾತಾಗಿ ಮುಗಿಯುತ್ತಿತ್ತು. ಕುಬಸಕ್ಕೆ ಕೆಲವು ದಿನ ಮೊದಲು ಆಯಿಯ ತಂಗಿ ಸಿಂದಗಿಯಿಂದ ಬಂದಳು. ನಾವು ಸಣ್ಣಾಯಿ ಎನ್ನುತ್ತಿದ್ದೆವು. ಅಡಕೊತ್ತು, ಎಲೆಚೀಲ, ಊರ ಸುದ್ದಿ ಮೂರನ್ನೂ ಸೊಂಟಕ್ಕೆ ಕಟ್ಟಿಕೊಂಡೇ ಬರುವ ಮುದುಕಿ. ಈ ಸಲ ತಂದ ಸುದ್ದಿ ಕಾಕಿಯದೇ. ಅವಳ ಅಪ್ಪ ಪುಣೆಯಲ್ಲಿ ಇರಲೇ ಇಲ್ಲ, ಸೊಲ್ಲಾಪುರದ ಗಿರಣಿಯ ಮುಂದೆ ಚಹಾ ಮಾರುತ್ತಿದ್ದ, ಬಂಗಲೆ, ಮದಾಮ್ (ಸಣ್ಣಾಯಿಯ ಬಾಯಲ್ಲಿ ಮಡ್ಡಮ್ಮ) ಎಲ್ಲವೂ ಸಂಬಂಧ ಕುದುರಿಸಿದವರು ಕಟ್ಟಿದ ಕಥೆ ಎಂದು ಯಾರೋ ಹೇಳಿದರಂತೆ. ಯಾರು ಎಂದು ಕೇಳಿದರೆ, "ಹೇಳೋರು ಹೇಳ್ಯಾರ" ಎಂದಳು. ಆಯಿ ಒಂದು ಮಾತು ಹೇಳಿದಳು. ಅಕ್ಕನಿಗೂ ನನಗೂ ಒಂದೇ ರೀತಿ ನೆನಪಿರುವ ಕೆಲವೇ ಮಾತುಗಳಲ್ಲಿ ಇದೂ ಒಂದು.

"ಚಾ ಮಾರಿದ್ರ ನನಗೇನ ಅಡ್ಡಿ ಇಲ್ಲ. ಸುಳ್ಳ ಹೇಳಿ ನನ್ನ ಹೊಸ್ತಲಾ ದಾಟಿದ್ರ ಅಡ್ಡಿ ಐತಿ. ಕುಬಸ ಮುಗೀಲಿ, ತವರಿಗೆ ಕಳಸ್ತೇನಿ. ಖರೇ ಏನಂತ ತಿಳಿಯೋತನಕ ಕರ್ಯಾಕ ಯಾರೂ ಹೋಗಬ್ಯಾಡ್ರಿ."

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ರೂಢಿ. ಹೆತ್ತ ಕೆಲವು ತಿಂಗಳಿಗೆ ಗಂಡನ ಮನೆಯವರು ಹೋಗಿ ತಾಯಿ ಮಗುವನ್ನು ಕರೆತರುವುದೂ ರೂಢಿಯೇ. ಕರೆಯಲು ಯಾರೂ ಹೋಗದಿದ್ದರೆ ಏನೆಂದು ತಿಳಿಯಬೇಕು ಎಂಬುದು ಆ ವಯಸ್ಸಿನಲ್ಲೂ ನನಗೆ ಗೊತ್ತಿತ್ತು. ನಮ್ಮ ಓಣಿಯಲ್ಲೇ ಹಾಗೆ ತವರಲ್ಲಿ ಉಳಿದುಹೋದ ಒಬ್ಬಾಕೆ ಇದ್ದಳು. ಆಕೆಯ ಮಗನನ್ನು ನಾವು ಅಪ್ಪನ ಹೆಸರು ಕೇಳಿ ಕಾಡುತ್ತಿದ್ದೆವು.

ಹೀಗೆ ಕುಬಸದ ದಿನ ಬಂತು. ಆರತಿಯಾದ ಮೇಲೆ ನಮ್ಮ ಕಡೆ ಬಸುರಿ ಒಡಪು ಹಾಕಿ ಗಂಡನ ಹೆಸರು ಹೇಳಬೇಕು. ಬೇರೆ ದಿನ ಗಂಡನ ಹೆಸರನ್ನು ಬಾಯಲ್ಲಿ ತರದ ಹೆಂಗಸು ಆ ಹೊತ್ತು ಹಾಡಿನಂಥ ನಾಲ್ಕು ಸಾಲು ಕಟ್ಟಿ, ಕೊನೆಗೆ ಅದನ್ನು ಸೇರಿಸಿ ಹೇಳುತ್ತಾಳೆ. ಹೇಳುವತನಕ ಸುತ್ತ ಕೂತವರು ಬಿಡುವುದಿಲ್ಲ. ಹೆಚ್ಚಿನವರು ಅವ್ವನಿಂದ ಕಲಿತದ್ದನ್ನೇ ಹೇಳುತ್ತಾರೆ. ಕಾಕಿ ತನ್ನದೇ ಕಟ್ಟಿದ್ದಳು. ತನ್ನ ಮೇಲೆ ಬಂದ ಮಾತು ಆಕೆಯ ಕಿವಿಗೆ ಬಿದ್ದಿತ್ತೋ ಇಲ್ಲವೋ ತಿಳಿಯದು. ಬಿದ್ದಿತ್ತು ಎಂದೇ ನನ್ನ ಅನುಮಾನ.

"ಪತಾತ್ ಅಂದ್ರ ಬಟಾಟಿ, ಸಿತ್ರೋಂ ಅಂದ್ರ ಲಿಂಬಿ,
ಬ್ಲೆ ದ್ಯಾಂದ್ ಅಂದ್ರ ಗೊಂಜಾಳ, ಬರತಾವ ಬುಟ್ಟಿ ತುಂಬಿ,
ಊರ ಊರಿಗೆ ಬ್ಯಾರೆ ಇರತಾವ ಕಾಯಿಪಲ್ಯದ ಹೆಸರ,
ಯಾವ ಊರಾಗ ಕೇಳಿದ್ರೂ ಶರಣಪ್ಪನವರೇ ನನ್ನ ಉಸಿರ."

ಹುಡುಗಿಯರು ಹೋ ಎಂದು ಕೂಗಿದರು. ಬಳೆಗಳು ಸಪ್ಪಳ ಮಾಡಿದವು. ಅವ್ವ ನಕ್ಕಳು ಎಂದು ಅಕ್ಕ ಹೇಳುತ್ತಾಳೆ. ಸಣ್ಣಾಯಿ ನಗಲಿಲ್ಲ.

"ಬಟಾಟಿನ ಒಂದೀಟ ತಿರುವಿದ್ರ ಪತಾತ. ಹಂಗಾರ ನನಗೂ ಬರತೈತಿ ಬಿಡ ನಿನ್ನ ಮಡ್ಡಮ್ಮನ ಮಾತು! ಮತ್ತ ಗೊಂಜಾಳಕ್ಕ ಹಿಂದೂಸ್ತಾನದ ಗೋದಿ ಅಂತಿಯಂತಲ್ಲ, ನಮ್ಮ ಹೊಲದಾಗಿಂದಕ್ಕ ಅವರ್ಯಾಕ ಹೆಸರ ಇಡ್ತಾರ?"

ಅಷ್ಟಕ್ಕೆ ಬಿಡಲಿಲ್ಲ. ಊಟಕ್ಕೆ ಸೋಸುತ್ತಿದ್ದ ಸೊಪ್ಪಿನ ಬುಟ್ಟಿಯನ್ನು ಎಳೆದುಕೊಂಡು ಒಂದು ಸಿವುಡು ಪುಂಡಿಪಲ್ಯವನ್ನು ಮೇಲಕ್ಕೆತ್ತಿದಳು. ಆ ಹುಳಿಸೊಪ್ಪಿನ ಕೆಂಪು ದಂಟು ನನಗೆ ಕಾಣಿಸಿತ್ತು. ಇಲ್ಲಿ ನಾನು ಅಕ್ಕನ ಮಾತಿಗೂ ಕಾಯುವುದಿಲ್ಲ.

"ಇದಕ್ಕೇನಂತಾಳ ನಿನ್ನ ಮಡ್ಡಮ್ಮ?"

"ಇದಕ್ಕ ಗೊತ್ತಿಲ್ರಿ."

"ಹತ್ತರಕಿ ಪಲ್ಯಕ್ಕ?"

"ಅದೂ ಗೊತ್ತಿಲ್ರಿ."

"ಹೋಗಲಿ, ಚವಳಿಕಾಯಿಗೆ?"

"ಅದನ್ನ ಅವರು ತಗೋತಿದ್ದಿಲ್ರಿ. ತಗೊಳ್ಳದ್ದಕ್ಕ ಹೆಸರ ಹೇಳ್ತಿದ್ದಿಲ್ಲ."

ಆಮೇಲೆ ಸಣ್ಣಾಯಿ ಸುತ್ತ ಕೂತವರ ಕಡೆ ತಿರುಗಿ ನ್ಯಾಯ ಹೇಳುವವಳ ಹಾಗೆ ಹೇಳಿದಳು:

"ಕೇಳಿದ್ರೇನ್ರವಾ? ಪುಂಡಿಪಲ್ಯಕ್ಕ ಹೆಸರಿಲ್ಲಂತ! ಪುಂಡಿಪಲ್ಯ ತಿನ್ನದ ಮಂದಿ ಯಾವ ದೇಶದಾಗ ಅದಾರ? ರೊಟ್ಟಿ ಏನ ಹಚ್ಚಿಕೊಂಡ ತಿಂತಾರವರು?"

ಈಗ ಓದುವವರಿಗೆ ನಗು ಬರಬಹುದು. ಅಲ್ಲಿ ಕೂತಿದ್ದ ಹೆಂಗಸರಿಗೆ ಅದು ಗಟ್ಟಿ ಸಾಕ್ಷ್ಯ. ಮನೆಯಲ್ಲಿ ಬೇಳೆ ಇಲ್ಲದಿದ್ದಾಗ, ಎಣ್ಣೆ ಇಲ್ಲದಿದ್ದಾಗ, ಏನೂ ಇಲ್ಲದಿದ್ದಾಗ ನಮ್ಮ ಸೀಮೆಯ ಹೊಟ್ಟೆ ತುಂಬಿದ್ದು ಪುಂಡಿಪಲ್ಯದಿಂದ. ಜನ ಇದ್ದಲ್ಲಿ ಅದು ಇರಲೇಬೇಕು, ಗಾಳಿ ಇದ್ದ ಹಾಗೆ. ಭಾಷೆ ನಿಜವಾದರೆ ಅದರಲ್ಲಿ ಈ ಹೆಸರು ಇರಲೇಬೇಕು. ಭಾಷೆ ಬಲ್ಲವಳಾದರೆ ಮೊದಲು ಇದನ್ನೇ ತಿಳಿದಿರಬೇಕು. ಆಯಿ ಎದ್ದು ಒಳಗೆ ಹೋದಳು. ಕಾಕಿಯ ಬೈತಲೆ ಬಹಳ ಹೊತ್ತು ಅಲುಗಾಡದೆ ಇತ್ತು. ಮರುದಿನ ಮನಗೂಳಿಯಿಂದ ಅವಳ ತಮ್ಮ ಬಂದು ಕರೆದುಕೊಂಡು ಹೋದ.

ಕಾಕಿ ಹೋದ ಮೇಲಿನ ಮನೆ ನನಗೆ ಚೆನ್ನಾಗಿ ನೆನಪಿದೆ ಎನ್ನಲಾರೆ. ಕೂತಲ್ಲಿ ಕೂಡಲಾಗುತ್ತಿರಲಿಲ್ಲ, ಅಡುಗೆಮನೆಯಿಂದ ಮಾಳಿಗೆಗೆ, ಮಾಳಿಗೆಯಿಂದ ಹಿತ್ತಲಿಗೆ ತಿರುಗುತ್ತಿದ್ದೆ. ಹೆಣ್ಣು ಹುಟ್ಟಿದ ಸುದ್ದಿ ಬಂತು. ಆಯಿ ಸಕ್ಕರೆ ಹಂಚಿಸಿದಳು, ಹೋಗುವ ಮಾತು ಎತ್ತಲಿಲ್ಲ. ತಿಂಗಳುಗಳು ಸರಿದವು. ಕಾಕಾ ಸೈಕಲ್ಲಿನ ಕಡ್ಡಿಗಳನ್ನು ಒಂದೊಂದಾಗಿ ಒರೆಸಿದ. ಪುಣೆಗೆ ಹೋಗಿ ವಿಚಾರಿಸಿ ಬರುತ್ತೇನೆ ಎಂದು ಅಪ್ಪ ಒಮ್ಮೆ ಅಂದನಂತೆ. ಆ ಬಂಗಲೆಯವರು ಎಂದೋ ತಮ್ಮ ದೇಶಕ್ಕೆ ಹೋಗಿಯಾಗಿತ್ತು, ಯಾರನ್ನು ಕೇಳುವುದು?

ಹೀಗಿರುವಾಗ ಒಂದು ಮುಂಜಾನೆ ರೊಟ್ಟಿಯ ಸಪ್ಪಳ ಕೇಳಲಿಲ್ಲ. ಎಚ್ಚರವಾದದ್ದೇ ಆ ಸದ್ದಿಲ್ಲದಿರುವಿಕೆಯಿಂದ. ಒಲೆ ಹೊತ್ತಿತ್ತು, ಹಂಚು ಕಾಯುತ್ತಿತ್ತು, ಹಿಟ್ಟು ಹಾಗೇ ಇತ್ತು. ಅವ್ವ ಕೈಕಟ್ಟಿ ಕೂತಿದ್ದಳು. ಆಯಿ ಬಾಗಿಲಿಗೆ ಬಂದು ನಿಂತಳು.

"ಯಾಕ, ಮೈಯಾಗ ಬರೋಬರಿ ಇಲ್ಲೇನು?"

"ಮೈ ಬರೋಬರಿ ಐತ್ರಿ ಅತ್ತಿ. ಇವತ್ತ ಸಣ್ಣ ಸೊಸಿ ಮಾತಿಗೆ ಸಾಕ್ಷಿ ಕೇಳೀರಿ. ನಾಳೆ ನನ್ನ ಮಾತಿಗೂ ಕೇಳ್ತೀರಿ. ಸಾಕ್ಷಿ ತಂದವರ ಕೈಲೆ ರೊಟ್ಟಿ ಮಾಡಿಸಿಕೊಳ್ರಿ."

"ಪುಂಡಿಪಲ್ಯಕ್ಕ ಹೆಸರ ಹೇಳಾಕ ಬರಲಿಲ್ಲಲ್ಲ ಆಕಿಗೆ."

"ಸುಳ್ಳ ಹೇಳಾಕಿ ಆಗಿದ್ರ ಹೇಳ್ತಿದ್ದಳ್ರಿ. ಏನರ ಒಂದ ಅಂದುಬಿಡ್ತಿದ್ಲು. ನಮಗೇನ ಗೊತ್ತಾಗ್ತಿತ್ತು?"

ಈ ಕೊನೆಯ ಮಾತಿನ ಬಗ್ಗೆ ನನಗೆ ನೆಮ್ಮದಿಯಿಲ್ಲ. ಅದು ಬಹಳ ಒಳ್ಳೆಯ ಮಾತು. ಸುಳ್ಳುಗಾರನಿಗೆ ಎಲ್ಲವೂ ಗೊತ್ತಿರುತ್ತದೆ, ಗೊತ್ತಿಲ್ಲ ಎನ್ನುವವನನ್ನು ನಂಬಬಹುದು ಎಂಬ ಈ ತರ್ಕವನ್ನು ನಾನು ಮುಂದೆ ಧಾರವಾಡದಲ್ಲಿ ಓದುವಾಗ ಕಲಿತು, ಹಿಂದಕ್ಕೆ ಹೋಗಿ ಅವ್ವನ ಬಾಯಲ್ಲಿ ಇಟ್ಟೆನೋ ಏನೋ. ಅಕ್ಕನ ನೆನಪಿನಲ್ಲಿ ಅವ್ವ ಮಾತೇ ಆಡಲಿಲ್ಲ. ಸುಮ್ಮನೆ ಕೂತಳು, ಅಷ್ಟೇ. ಹಂಚು ಕೆಂಪಗಾಗುವತನಕ ಕೂತಳು. ಅವ್ವ ಈಗಿಲ್ಲ, ಕೇಳುವ ಹಾಗಿಲ್ಲ. ಮಾತಾಡಿರಲಿ ಬಿಡಲಿ, ಆ ದಿನ ನಮ್ಮ ಮನೆಯಲ್ಲಿ ರೊಟ್ಟಿ ಆಗಲಿಲ್ಲ ಎಂಬುದರಲ್ಲಿ ನಮ್ಮಿಬ್ಬರಿಗೂ ಭೇದವಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಯಿ ಕಂಬ ಬಿಟ್ಟೆದ್ದು ಅಂಗಳದಲ್ಲಿದ್ದ ಕಾಕಾನಿಗೆ, "ಆ ಸೈಕಲ್ ಎಷ್ಟ ತಿಕ್ಕತೀಯೋ? ಹೋಗು, ಕರಕೊಂಡ ಬಾ" ಎಂದಳು.

ಕಾಕಿ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಾಗ ಆಯಿಯೇ ರೊಟ್ಟಿಯ ತುಣುಕು, ನೀರು ನಿವಾಳಿಸಿ ಒಗೆದಳು. ಓಣಿಯ ಹುಡುಗಿಯರು ಹೊಸ್ತಿಲಿಗೆ ಅಡ್ಡ ನಿಂತು ಒಡಪಿಗೆ ಹಟ ಹಿಡಿದರು. "ಅವತ್ತಿನ ಒಡಪ ಹೇಳ್ರೀ ಕಾಕಿ, ಬ್ಲೆ ದ್ಯಾಂದ್ ಇರೋದ!" ಎಂದು ಅಕ್ಕ ಕೂಗಿದಳು. ಕಾಕಿ ಎಲ್ಲರೂ ಹೇಳುವ ಹಾಲು ಸಕ್ಕರೆಯ ಒಂದು ಒಡಪನ್ನು ಬೇಗ ಬೇಗ ಹೇಳಿ, ಗಂಡನ ಹೆಸರು ಸೇರಿಸಿ, ಒಳಗೆ ನಡೆದಳು. ಆಯಿ ಮೊಮ್ಮಗಳನ್ನು ಇಸಿದುಕೊಂಡು ಕಂಬಕ್ಕೆ ಒರಗಿದಳು. ಸೊಲ್ಲಾಪುರದ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಪುಣೆಯದೂ ಬರಲಿಲ್ಲ. ಎರಡು ದಿನ ಬಿಟ್ಟು ನಾನು ಅಡುಗೆಮನೆಗೆ ಓಡಿ, ಮೊದಲಿನ ಹಾಗೆ, "ಕಾಕಿ, ಒನ್ಯೋಂ ತಂದುಕೊಡ್ಲಿ?" ಎಂದೆ. ಅವಳು ತಲೆಯೆತ್ತಲಿಲ್ಲ.

"ಉಳ್ಳಾಗಡ್ಡಿ ಅನ್ನಪ್ಪಾ" ಎಂದಳು.

ಕಾಕಿ ಮರಳಿ ಬಂದಳು, ಅವಳ ಬುಟ್ಟಿ ಬರಲಿಲ್ಲ. ಎಂದೂ ಕೂತಲ್ಲಿ ಕೂಡಲಾರದ ನನ್ನ ಸ್ವಭಾವ ಆ ದಿನ ಶುರುವಾಯಿತು ಎಂದರೆ ಅದೂ ಕಟ್ಟಿದ ಕಥೆಯೇ ಆದೀತು. ಆದರೆ ಧಾರವಾಡಕ್ಕೆ ಹೋದ ಮೊದಲ ತಿಂಗಳಲ್ಲೇ ಗ್ರಂಥಾಲಯದಲ್ಲಿ ನಾನು ಹುಡುಕಿದ್ದು ಇಂಗ್ಲಿಷ್-ಫ್ರೆಂಚ್ ನಿಘಂಟನ್ನು. ಒನ್ಯೋಂ ಇತ್ತು, ಒಬೆರ್ಜೀನ್ ಇತ್ತು, ಗ್ರೆನಾದ್ ಇತ್ತು. ಕಪಾಟಿಗೆ ಒರಗಿಕೊಂಡು ಒಬ್ಬನೇ ನಕ್ಕೆ. ಆಮೇಲೆ ಬಟಾಟೆಗೆ ಬಂದೆ. ಅಲ್ಲಿ ಪತಾತ್ ಇರಲಿಲ್ಲ. ನೆಲದ ಸೇಬು ಎಂಬರ್ಥದ ಪೊಮ್ ದ ತೆರ್ ಎಂದಿತ್ತು. ಗೊಂಜಾಳಕ್ಕೆ ಮಾಯೀಸ್ ಎಂದಿತ್ತು. ಹಿಂದೂಸ್ತಾನವೂ ಇಲ್ಲ, ಗೋಧಿಯೂ ಇಲ್ಲ. ಸಣ್ಣಾಯಿ ಬೊಟ್ಟು ಮಾಡಿದ್ದ ಎರಡು ಶಬ್ದಗಳೇ ತಪ್ಪಾಗಿದ್ದವು. ರಜೆಗೆ ಬಂದಾಗ ಕಾಕಿಯ ಮುಂದೆ ಇದನ್ನು ಹೇಳಿದೆ. ಅವಳು ಹಿತ್ತಲಲ್ಲಿ ಪುಂಡಿ ಸೋಸುತ್ತಿದ್ದಳು.

"ನಾ ಕೇಳಿದ್ದ ನಾ ಹೇಳೇನಿ. ಪುಸ್ತಕದವರು ಯಾರ ಕಡಿಂದ ಕೇಳ್ಯಾರೋ ನನಗೇನ ಗೊತ್ತಪ್ಪಾ."

ಈ ಉತ್ತರ ನನ್ನನ್ನು ಎಷ್ಟೋ ವರ್ಷ ಕೊರೆಯಿತು. ಅವಳು ಮರೆತು ಬೆರೆಸಿಕೊಂಡಿರಬೇಕು ಎಂದು ಒಮ್ಮೆ, ಬರದ ಕಡೆ ತಾನೇ ತುಂಬಿಕೊಂಡಿರಬೇಕು ಎಂದು ಒಮ್ಮೆ, ಸೊಲ್ಲಾಪುರವೇ ನಿಜವೇನೋ ಎಂದು ಮತ್ತೊಮ್ಮೆ. ಹಾಗಿದ್ದರೆ ಉಳಿದ ಹೆಸರುಗಳು ಎಲ್ಲಿಂದ ಬಂದವು? ಮೊನ್ನೆ ಮೊನ್ನೆ, ನಿವೃತ್ತಿಯಾದ ಮೇಲೆ, ಮಾಡಲು ಕೆಲಸವಿಲ್ಲದೆ ಫೋನಿನಲ್ಲಿ ಯಾವುದೋ ದೇಶದ ಸಂತೆಯ ವಿಡಿಯೊ ನೋಡುತ್ತಿದ್ದೆ. ಹಸಿರು ಸಿಪ್ಪೆಯ ಗೊಂಜಾಳದ ತೆನೆಗಳ ರಾಶಿ, ಅದರ ಮೇಲೆ ಕೈಯಲ್ಲಿ ಬರೆದ ಫಲಕ. ಅಕ್ಷರ ಕೂಡಿಸಿ ಓದಿದವನು ಎದ್ದು ನಿಂತೆ. ಒಂದು ಸಾಕ್ಷಿಯನ್ನು ನಂಬುವವನಲ್ಲ ನಾನು. ಆ ದೇಶದ್ದೇ ನಿಘಂಟುಗಳನ್ನು ಹುಡುಕಿದೆ. ಮರುದಿನವೇ ಬಸ್ಸು ಹತ್ತಿ ಬಾಗೇವಾಡಿಗೆ ಹೋದೆ.

ಕಾಕಿಗೆ ಈಗ ಕಿವಿ ಮಂದ. ಪಡಸಾಲೆಯಲ್ಲಿ ಆಯಿ ಕೂಡುತ್ತಿದ್ದ ಕಂಬಕ್ಕೆ ಒರಗಿ ಮೊಮ್ಮಗನ ಜೋಡಿ ಚೌಕಾಬಾರ ಆಡುತ್ತಿದ್ದಳು. ನಾನು ದೊಡ್ಡ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ಅವಳು ಕವಡೆ ಕೈಯಲ್ಲೇ ಹಿಡಿದು ಕೇಳಿದಳು.

"ಹಂಗಾರ ಮದಾಮ್ ಫ್ರಾನ್ಸಿನಾಕಿ ಅಲ್ಲೇನು?"

"ಅಲ್ರಿ ಕಾಕಿ. ಇನ್ನೂ ಬಹಳ ದೂರದಾಕಿ."

"ಪಾಪ, ಅಷ್ಟ ದೂರಿಂದ ಬಂದಿದ್ರೇನು..." ಎಂದು ಕವಡೆ ಕೆಳಗಿಟ್ಟಳು. ಆಮೇಲೆ ಕಣ್ಣು ಕಿರಿದು ಮಾಡಿ, "ಪುಂಡಿಪಲ್ಯಕ್ಕ ಏನಂತಾರಂತ ನೋಡಿದೇನು?" ಎಂದಳು. ಅವಳ ಭುಜ ಅಲುಗುವುದನ್ನು ಕಂಡ ಮೇಲೆ ನಗುತ್ತಿದ್ದಾಳೆ ಎಂದು ತಿಳಿಯಿತು.

ಅದನ್ನು ನಾನಿನ್ನೂ ನೋಡಿಲ್ಲ. ಬೆಳಕಿಂಡಿಯ ಮೇಲೆ ನಾನಿದ್ದೆನೆ, ಅವ್ವ ಆ ಮಾತು ಆಡಿದಳೆ, ಸಣ್ಣಾಯಿಗೆ ಸೊಲ್ಲಾಪುರದ ಸುದ್ದಿ ಕೊಟ್ಟವರು ಯಾರು, ಒಂದಕ್ಕೂ ನಾನು ಆಣೆ ಮಾಡಲಾರೆ. ಖಾತ್ರಿ ಮಾಡಿಕೊಂಡದ್ದು ಇಷ್ಟು: ಕೆನಡಾ ದೇಶದ ಕ್ವಿಬೆಕ್ ಸೀಮೆಯಲ್ಲಿ ಫ್ರೆಂಚ್ ಮಾತಾಡುವ ಮಂದಿ ಇದ್ದಾರೆ, ಅವರು ಬಟಾಟೆಗೆ ಪತಾತ್ ಎನ್ನುತ್ತಾರೆ, ಗೊಂಜಾಳದ ತೆನೆಗೆ ಬ್ಲೆ ದ್ಯಾಂದ್ ಎನ್ನುತ್ತಾರೆ. ಹಾಗೆಂದರೆ ಹಿಂದೂಸ್ತಾನದ ಗೋಧಿ.